ಎರಡು ತಾಸಿಗೊಂದು ಪಾಳಿ

ಹೋದ ತಿಂಗಳು ಗಂಗಾವತಿಯ ಒಂದು ಅಂಗಡಿಗೆ ಹೋಗಿದ್ದೆ. ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಅವಳ ಕೂಸಿಗೆ ರಬ್ಬರ್ ಶೀಟು ಬೇಕಾಗಿತ್ತು. ಅಂಗಡಿಯವನು ಕೆಂಪು ಶೀಟಿನ ಸುರುಳಿಯನ್ನು ಕೌಂಟರಿನ ಮೇಲೆ ಬಿಚ್ಚಿದ. ಹೊಸ ರಬ್ಬರಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ "ಎರಡು ಮೀಟರ್ ಕೊಡ್ರಿ" ಎಂಬ ಮಾತು ತಾನಾಗಿ ಹೊರಟುಬಿಟ್ಟಿತು.

"ಎರಡ್ ಮೀಟರ್ ಯಾಕ್ರಿ ಅಕ್ಕಾರ? ಕೂಸು ಅಷ್ಟು ಉದ್ದ ಐತೇನು?" ಎಂದು ಅವನು ನಕ್ಕ.

ನಾನೂ ನಗಬೇಕಿತ್ತು. ನಗಲಿಲ್ಲ. ಮುಕ್ಕಾಲು ಮೀಟರ್ ಕತ್ತರಿಸಿಕೊಂಡು, ಚೀಲಕ್ಕೆ ತುರುಕಿ, ಬಸ್ ಸ್ಟ್ಯಾಂಡಿನವರೆಗೂ ಮುಖ ಗಂಟು ಹಾಕಿಕೊಂಡೇ ನಡೆದೆ. ಎರಡು ಮೀಟರ್ ಅನ್ನುವುದು ನಮ್ಮ ಮನೆಯ ಮಂಚದ ಅಳತೆ. ಮೂರು ವರ್ಷದ ಹಿಂದೆ, ಶಿವರಾತ್ರಿಯಿಂದ ಹಿಡಿದು ಕಾಲುವೆಗೆ ನೀರು ಬಿಡುವ ತನಕ, ಅಂಥ ಶೀಟುಗಳನ್ನು ಹರಿದು ಹೋಗುವವರೆಗೆ ತೊಳೆದಿದ್ದೇನೆ. ಆ ವಾಸನೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಾನು ಹುಲಿಹೈದರದ ಕಡೆಯವಳು. ಅಲ್ಲಿ ಮಳೆ ಬಂದರೆ ಬೆಳೆ, ಬರದಿದ್ದರೆ ಮೋಡ ನೋಡುತ್ತ ಕೂಡುವುದು. ಮದುವೆಯಾಗಿ ಗಂಗಾವತಿ ಸೀಮೆಯ ಈ ಕಾಲುವೆ ಊರಿಗೆ ಬಂದಾಗ, ನೀರು ಗಡಿಯಾರ ನೋಡಿಕೊಂಡು ಬರುತ್ತದೆ ಎಂಬುದೇ ನನಗೆ ಸೋಜಿಗವಾಗಿತ್ತು. ನಮ್ಮ ಮನೆಯವರು, ಯಮನೂರಪ್ಪ, ಈ ಊರಿನ ನೀರಗಂಟಿ. ಉಪಕಾಲುವೆಯ ಗೇಟು ಎತ್ತುವುದು, ಇಳಿಸುವುದು, ಯಾವ ಹೊಲದ ತೂಬಿಗೆ ಯಾವ ದಿನ ಎಷ್ಟು ತಾಸು ನೀರು ಎಂದು ಪಾಳಿ ಹಚ್ಚುವುದು ಅವರ ಕೆಲಸ. ಸರ್ಕಾರಿ ನೌಕರಿಯೇನಲ್ಲ, ರೈತರ ಸಂಘ ಇಟ್ಟುಕೊಂಡದ್ದು. ಆದರೆ ಅದರ ಮರ್ಯಾದೆ ದೊಡ್ಡದು. ಎಷ್ಟೇ ದೊಡ್ಡ ಗೌಡನಾದರೂ ಇವರ ಮುಂದೆ ಬಂದು ನಿಂತು "ನಮ್ಮ ಪಾಳಿ ಯಾವಾಗಪಾ ಯಮನೂರಪ್ಪ" ಎಂದು ಕೇಳಲೇಬೇಕು. ನಾನು ಊರಿನ ಪ್ರಾಥಮಿಕ ಶಾಲೆಯ ಟೀಚರ್. ಆದರೂ ಜನ ನನ್ನನ್ನು ಗುರುತಿಸುವುದು ನೀರಗಂಟಿಯ ಹೆಂಡತಿ ಎಂದೇ.

ಸುಗ್ಗಿಯಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ ಹರವಿ, ಗಾಡಿಗಳು ಮೇಲೆ ಹತ್ತದಿರಲೆಂದು ಸುತ್ತ ದಪ್ಪ ದಪ್ಪ ಕಲ್ಲು ಇಡುತ್ತಾರೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಒಂದು ಮಧ್ಯಾಹ್ನ ಇವರ ಬೈಕು ಅಂಥ ಕಲ್ಲಿಗೆ ಬಡಿಯಿತು. ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ಬೈಕಿನ ಕನ್ನಡಿಗೆ ನೇತುಬಿದ್ದಿತ್ತು. ಹುಬ್ಬಳ್ಳಿಯಲ್ಲಿ ತಲೆಯ ಮುಂಭಾಗ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಕಲ್ಲು ಇಟ್ಟಿದ್ದವರು ಆಸ್ಪತ್ರೆಗೆ ಬಾಳೆಹಣ್ಣು ತಂದುಕೊಟ್ಟು ಹೋದರು. ನಾನು ಆ ಹಣ್ಣನ್ನು ಯಾರಿಗೂ ತಿನ್ನಗೊಡಲಿಲ್ಲ.

ಶಿವರಾತ್ರಿ ಹೊತ್ತಿಗೆ ಇವರು ನಡೆದುಕೊಂಡೇ ಮನೆಯೊಳಗೆ ಬಂದರು. ಅತ್ತೆ ಹುಲಿಗೆವ್ವ ದೃಷ್ಟಿ ತೆಗೆದರು. ಓಣಿಯ ಜನ ಬಂದು ಕಟ್ಟೆಯ ಮೇಲೆ ಕುಳಿತರು. ಇವರು ಎಲ್ಲರ ಹೆಸರು ಹಿಡಿದು ಮಾತಾಡಿಸಿದರು, ಡ್ಯಾಮಿನಲ್ಲಿ ಎಷ್ಟು ನೀರಿದೆ ಎಂದು ವಿಚಾರಿಸಿದರು. ಗುಣವಾದರಲ್ಲ ಎಂದು ನನಗೂ ಎದೆ ಹಗುರಾಯಿತು. ಚಹಾ ತಂದು ಕೊಡಬೇಕು ಅನ್ನುವಾಗ ನೋಡುತ್ತೇನೆ, ಇವರು ಕುಳಿತ ಕುರ್ಚಿಯಿಂದ ನೀರು ತೊಟ್ಟಿಕ್ಕುತ್ತಿದೆ. ಕಟ್ಟೆಯ ಮೇಲಿದ್ದವರೆಲ್ಲ ಅದನ್ನು ನೋಡಿದರು. ನೋಡದವರು ಇವರೊಬ್ಬರೇ. ಇವರು ಇನ್ನೂ ಡ್ಯಾಮಿನ ಮಾತಾಡುತ್ತಲೇ ಇದ್ದರು.

ಬಿಡುಗಡೆ ಮಾಡುವಾಗ ಆಸ್ಪತ್ರೆಯವರು ಹೇಳಿದ್ದು ಒಂದೇ ಮಾತು: ಸ್ವಲ್ಪ ದಿನ ಮೂತ್ರದ ಮೇಲೆ ಹಿಡಿತ ಇರುವುದಿಲ್ಲ, ಆಮೇಲೆ ಸರಿಹೋಗುತ್ತದೆ. ತಲೆಯ ಹೊಲಿಗೆಯ ಬಗ್ಗೆ, ಫಿಟ್ಸಿನ ಗುಳಿಗೆಯ ಬಗ್ಗೆ ಚೀಟಿ ತುಂಬ ಬರೆದುಕೊಟ್ಟವರು ಇದರ ಬಗ್ಗೆ ಒಂದು ಗೆರೆ ಬರೆದಿರಲಿಲ್ಲ. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ.

ಮರುವಾರ ಸಂಘದ ಅಧ್ಯಕ್ಷರು ವೀರನಗೌಡರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಸುತ್ತಿಬಳಸಿ ಮಾತಾಡುವವರಲ್ಲ.

"ಟೀಚರ್, ಈಗಿನ ಬೆಳಿಗೆ ಹನುಮೇಶ ನೋಡ್ಕೋತಾನ. ಮುಂಗಾರಿಗೆ ಕಾಲುವಿಗೆ ನೀರು ಬಿಡ್ತಾರಲ್ಲ, ಅವತ್ತು ಯಮನೂರಪ್ಪ ಗೇಟಿನ ಮುಂದ ಬಂದು ನಿಂತ್ರ ಕೆಲಸ ಅವಂದ. ನಿಲ್ಲಾಕ ಆಗಲಿಲ್ಲಂದ್ರ ನಾ ರೈತರಿಗೆ ಏನ್ ಹೇಳ್ಲಿ? ನೀವ ತಿಳಕೋರಿ."

ಹನುಮೇಶ ಇವರ ಕೈಕೆಳಗೆ ಗೇಟಿನ ಕೆಲಸ ಕಲಿತವನು, ಮನೆ ಮಗನ ಹಾಗೆ ಇದ್ದವನು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಂಬಳದ ಚಿಂತೆಯೂ ಇರಲಿಲ್ಲ, ನನ್ನ ನೌಕರಿ ಇತ್ತು. ಆದರೆ ಗೇಟು ತಪ್ಪಿದರೆ ಇವರು ಈ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಬಂದವರೆಲ್ಲ ಅಯ್ಯೋ ಅನ್ನುವುದನ್ನು ಕೇಳುತ್ತ ಸಾಯುವ ತನಕ ಕೂತಿರುತ್ತಾರೆ ಎಂಬುದು ನನಗೆ ಅವತ್ತೇ ಖಚಿತವಾಯಿತು. ನೀರು ಬಿಡುವುದರೊಳಗೆ ಇದನ್ನು ನಿಲ್ಲಿಸಲೇಬೇಕು ಎಂದು ಹಟ ತೊಟ್ಟೆ.

ಹಟಕ್ಕೆಲ್ಲ ಬಗ್ಗುವ ಸಂಗತಿ ಅದಾಗಿರಲಿಲ್ಲ. ಬೆಳಗ್ಗೆ ಹಾಸಿಗೆ, ಹತ್ತು ಗಂಟೆಗೆ ಕುರ್ಚಿ, ಊಟಕ್ಕೆ ಕೂತಲ್ಲೇ ಚಾಪೆ, ಸಂಜೆ ಮತ್ತೆ ಕುರ್ಚಿ. ತೊಳೆದು ಹಾಕಿದ ಧೋತರ ಒಣಗುವುದರೊಳಗೆ ಇನ್ನೊಂದು. ಡೈಪರ್ ತಂದು ಹಾಕಿದೆ. "ಇದು ಕೂಸಿಂದು, ನಂದಲ್ಲ" ಎಂದು ಕಿತ್ತು ಅಂಗಳಕ್ಕೆ ಎಸೆದರು. ಮತ್ತೆ ಹಾಕಿದೆ, ಆ ಸೆಕೆಗೆ ತೊಡೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದವು. ಅತ್ತೆ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತು ಬಂದರು. ಬಂದ ನೆಂಟರೆಲ್ಲ ಹೋಗುವಾಗ ನನ್ನನ್ನು ಬಾಗಿಲ ಮರೆಗೆ ಕರೆದು "ಇನ್ನೂ ಹಂಗ ಐತೇನವಾ?" ಎಂದು ಪಿಸುಗುಟ್ಟುವರು. ಇವರ ನೆನಪು ಹೇಗಿದೆ, ನಿದ್ದೆ ಬರುತ್ತದೋ ಇಲ್ಲವೋ, ಅದನ್ನು ಯಾರೂ ಕೇಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಉರಿಸಿದ್ದು ಇವರ ನಿಶ್ಚಿಂತೆ. ಮೊದಲು ಅಂಗಿಯ ಗುಂಡಿ ಬಿಚ್ಚಿದ್ದರೆ ಹೊರಗೆ ಕಾಲಿಡದ ಮನುಷ್ಯ, ಈಗ ತೊಯ್ದ ಧೋತರದಲ್ಲೇ ನಡುಮನೆಯಲ್ಲಿ ತಿರುಗಾಡುತ್ತಿದ್ದರು.

"ನಾಚಿಕಿ ಬರಂಗಿಲ್ಲೇನ್ರಿ ನಿಮಗ?" ಎಂದು ಅರಚುತ್ತಿದ್ದೆ.

"ಯಾಕ?" ಎನ್ನುತ್ತಿದ್ದರು. ಕೆಣಕುವ ದನಿಯಲ್ಲ, ನಿಜವಾಗಿ ತಿಳಿಯದೆ ಕೇಳುವ ದನಿ. ಆ 'ಯಾಕ' ಕೇಳಿದರೆ ನನಗೆ ಮೈಯೆಲ್ಲ ಬೆಂಕಿ ಹತ್ತುತ್ತಿತ್ತು. ಮನೆಯ ಪಾಲಿನ ನಾಚಿಕೆಯನ್ನೆಲ್ಲ ನಾನೊಬ್ಬಳೇ ಹೊತ್ತುಕೊಂಡಂತಾಗಿತ್ತು.

ಬೇಕೆಂದೇ ಮಾಡುತ್ತಾರೇನೋ ಎಂಬ ಅನುಮಾನ ಒಮ್ಮೆ ಹೊಕ್ಕಿತು. ಶಾಲೆಯ ಹುಡುಗರಿಗೆ ಬುದ್ಧಿ ಕಲಿಸುವ ರೀತಿಯಲ್ಲೇ ಇವರಿಗೂ ಕಲಿಸುತ್ತೇನೆ ಎಂದುಕೊಂಡು, ಒಂದು ದಿನ ಬಟ್ಟೆ ಬದಲಿಸದೆ ಹಾಗೆಯೇ ಬಿಟ್ಟೆ. ತಾಸು ಹೊತ್ತು ಇವರು ತೊಯ್ದ ಧೋತರದಲ್ಲಿ ಆರಾಮಾಗಿ ಟಿವಿ ನೋಡಿದರು. ಬಾಗಿಲಲ್ಲಿ ನಿಂತು ಹಲ್ಲು ಕಡಿದವಳು ನಾನು. ಕೊನೆಗೆ ನಾನೇ ಹೋಗಿ ಬದಲಿಸಿದೆ, ಬದಲಿಸುವಾಗ ಕೈ ಸ್ವಲ್ಪ ಒರಟಾಗಿಯೇ ಇತ್ತು. ಅದನ್ನು ಇಲ್ಲಿ ಬರೆಯದೆ ಮುಂದೆ ಹೋದರೆ ಸುಳ್ಳಾಗುತ್ತದೆ.

ಊರಿನವರ ಚೇಷ್ಟೆ ಬೇರೆ. ನಳದ ಹತ್ತಿರ ಕೊಡ ಹಿಡಿದು ನಿಂತಾಗ ಹಿಂದಿನಿಂದ ಒಬ್ಬಾಕೆ "ಊರಿಗೆಲ್ಲ ಎಂಟ್ ದಿನಕ್ಕೊಮ್ಮಿ ಪಾಳಿ, ನೀರಗಂಟಿ ಮನ್ಯಾಗ ದಿನಾಲೂ ನೀರು" ಎಂದಳು. ನಾಲ್ಕು ಜನ ಕಿಸಕ್ಕನೆ ನಕ್ಕರು. ನಾನು ತುಂಬಿದ ಕೊಡವನ್ನು ಅಲ್ಲೇ ಚೆಲ್ಲಿ ಮನೆಗೆ ಬಂದೆ. ಆಕೆಯ ಜತೆ ಇವತ್ತಿಗೂ ನನಗೆ ಮಾತಿಲ್ಲ.

ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿಟ್ಟಿತು, ಕಾಲುವೆಯೂ ಬಂದ್ ಆಯಿತು. ಬರಿದಾದ ಕಾಲುವೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೆಂಚು ಕಾದ ಹಾಗೆ ಕಾಯುವ ಬಿಸಿಲು. ಅಂಥ ದಿನಗಳಲ್ಲಿ ಹನುಮೇಶ ಒಂದು ಉಪಾಯ ಹೇಳಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಹೇಳ್ತೀನಿ. ಕೆಳಗಿನ ಗದ್ದಿಗೆ ನೀರು ಹೆಚ್ಚಾದ್ರ ನಾವ್ ಏನ್ ಮಾಡ್ತೀವಿ? ಅಲ್ಲಿ ಹೋಗಿ ಒಡ್ಡು ಕಟ್ಟಂಗಿಲ್ಲ. ಮ್ಯಾಲಿನ ಗೇಟ್ ಇಳಿಸ್ತೀವಿ. ಅಣ್ಣಗ ಕುಡ್ಯಾಕ ನೀರು ಕಡಿಮಿ ಕೊಡ್ರಿ. ತಾನ ನಿಲ್ತೈತಿ."

"ಖರೇ ಐತಿ ನೋಡು ಆ ಹುಡುಗ ಹೇಳೋದು" ಎಂದರು ಅತ್ತೆ.

ಕಾಲುವೆಯ ಮೇಲೆ ಬದುಕುವ ಊರಿನಲ್ಲಿ ಈ ಮಾತಿಗೆ ಎದುರು ಹೇಳುವವರು ಯಾರು? ಮೇಲೆ ಮುಚ್ಚಿದರೆ ಕೆಳಗೆ ಒಣಗುತ್ತದೆ, ಇದು ಇಲ್ಲಿಯ ಕೂಸಿಗೂ ಗೊತ್ತು. ನನಗೂ ಅದು ಅಪ್ಪಟ ಸತ್ಯವೆಂದೇ ಅನ್ನಿಸಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಕುಡಿಯಬೇಕು ಎಂದು ವರ್ಷ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಟೀಚರ್ ನಾನು. ಬೆಳಗ್ಗೆ ಒಂದು ಲೋಟ, ಊಟಕ್ಕೆ ಒಂದು, ಸಂಜೆ ಅರ್ಧ ಎಂದು ನಿಯಮ ಮಾಡಿ, ನೀರಿನ ಕೊಡವನ್ನು ದೇವರ ಕೋಣೆಯಲ್ಲಿಟ್ಟು ಚಿಲಕ ಹಾಕಿದೆ.

"ಶಾರದಾ, ನೀರು ಕೊಡು" ಎಂದು ಇವರು ಕೇಳುವರು.

"ಆಮ್ಯಾಲೆ ಕೊಡ್ತೀನ್ರಿ."

ಐದು ನಿಮಿಷಕ್ಕೆ ಮತ್ತೆ, "ಶಾರದಾ, ನೀರು."

"ಈಗರ ಕೊಟ್ಟಿಲ್ಲೇನ್ರಿ?" ಎಂದು ಸುಳ್ಳು ಹೇಳುತ್ತಿದ್ದೆ. ಇವರ ನೆನಪು ಹಳ್ಳ ಹಿಡಿದಿತ್ತು, ಹೇಳಿದ್ದನ್ನು ನಂಬಿ ಸುಮ್ಮನಾಗುತ್ತಿದ್ದರು. ಹೀಗೆ ಹದಿನೈದು ದಿನ ನಡೆಯಿತು.

ನಿಂತಿತೇ? ಇಲ್ಲ. ಮೊದಲು ದಿನಕ್ಕೆ ಏಳೆಂಟು ಸಲ ಇದ್ದದ್ದು ಈಗ ಅರ್ಧ ತಾಸಿಗೊಮ್ಮೆ ಆಯಿತು. ಸ್ವಲ್ಪ ಸ್ವಲ್ಪವೇ, ಆದರೆ ಕಡು ಬಣ್ಣ, ಮೂಗು ಮುಚ್ಚುವಂಥ ವಾಸನೆ. ಇನ್ನೂ ನೀರು ಹೆಚ್ಚಾಯಿತೇನೋ ಎಂದು ಸಂಜೆಯ ಅರ್ಧ ಲೋಟವನ್ನೂ ನಿಲ್ಲಿಸಿದೆ. ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ಇವರು ಎಮ್ಮೆಯ ಬಾನಿಯ ಮುಂದೆ ಮಂಡಿಯೂರಿ ಕುಳಿತು ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದರು. ಕಲಗಚ್ಚಿನ ನೀರು. ಎಮ್ಮೆ ಪಕ್ಕದಲ್ಲೇ ನಿಂತು ನೋಡುತ್ತಿತ್ತು. ಅತ್ತೆ ಓಡಿಬಂದು ತೋಳು ಹಿಡಿದು ಎಳೆದುಕೊಂಡು ಹೋದರು, ನಾನು ಹಿತ್ತಲ ಬಾಗಿಲಿಗೂ ಚಿಲಕ ಹಾಕಿದೆ. ಆಗಲಾದರೂ ಬುದ್ಧಿ ಬರಬೇಕಿತ್ತು ನನಗೆ. ಬರಲಿಲ್ಲ.

ಮರುದಿನ ಮೈ ಕಾದಿತು. ಬೆಳಗ್ಗೆ ರೊಟ್ಟಿ ತಿನ್ನುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು, ಕೈಕಾಲು ಸೆಟೆದು ಫಿಟ್ಸು ಬಂತು. ಹನುಮೇಶನೇ ಗಾಡಿ ತಂದ. ಕೊಪ್ಪಳದ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಮೂತ್ರದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಚಹಾದ ಬಣ್ಣ.

"ದಿನಕ್ಕೆ ಎಷ್ಟು ನೀರು ಕುಡಿತಾರೆ ಇವರು?"

ನಾನು ಹೇಳಿದೆ. ಏಕೆ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀರಿಲ್ಲದೆ ಮೂತ್ರಕ್ಕೆ ಸೋಂಕು ತಗುಲಿದೆ, ಸೋಂಕಿನಿಂದ ಜ್ವರ, ಜ್ವರದಿಂದ ಫಿಟ್ಸು ಎಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಸೆಲೈನ್ ಬಾಟಲಿಯಿಂದ ಹನಿ ಹನಿಯಾಗಿ ನೀರು ಇವರ ಮೈಗೆ ಇಳಿಯುವುದನ್ನು ನೋಡುತ್ತ ಮೂರು ದಿನ ಕೂತೆ. ಅಷ್ಟು ದಿನ ಇವರ ಮೇಲೆ, ಊರಿನ ಮೇಲೆ, ಅತ್ತೆಯ ಮೇಲೆ ಇದ್ದ ಸಿಟ್ಟೆಲ್ಲ ಈಗ ನನ್ನ ಮೇಲೆಯೇ ತಿರುಗಿತ್ತು.

ಆ ಡಾಕ್ಟರೇ ನಮ್ಮನ್ನು ಕೊಪ್ಪಳದ ಪಕ್ಕದ ಭಾಗ್ಯನಗರದ ರುಕ್ಸಾನಾ ಮೇಡಂ ಹತ್ತಿರ ಕಳಿಸಿದರು. ಮನೆಯ ಮುಂದಿನ ಕೋಣೆಯಲ್ಲಿ ಪೆಟ್ಟಾದವರಿಗೆ ವ್ಯಾಯಾಮ ಹೇಳಿಕೊಡುವ ಐವತ್ತರ ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಮೊದಲು ಮಾಡಿದ್ದು ಇವರಿಗೊಂದು ದೊಡ್ಡ ಲೋಟ ನೀರು ಕೊಟ್ಟದ್ದು.

"ನೋಡ್ರಿ ಟೀಚರ್, ಇವ್ರು ಬೇಕಂತ ಮಾಡಾಕತ್ತಿಲ್ಲ. ಮೂತ್ರದ ಚೀಲ ತುಂಬಿದಾಗ 'ತಡಿ, ಈಗ ಬ್ಯಾಡ' ಅನ್ನೋದು ತಲಿ ಮುಂದಿನ ಭಾಗ. ಪೆಟ್ಟು ಬಿದ್ದಿದ್ದು ಅಲ್ಲೇ. ತಡಿಯವ್ರು ಇಲ್ಲ, ಅದಕ್ಕ ಬಂದ್ ಬಂದಂಗ ಹೋಗತೈತಿ. ನಾಚಿಕಿ ಹುಟ್ಟೋದೂ ಅಲ್ಲೇ ಅಂತ ತಿಳಕೋರಿ. ಅದಕ್ಕ ನಾಚಿಕಿನೂ ಇಲ್ಲ."

"ಮತ್ತ ಬರಂಗ ಇಲ್ಲೇನ್ರಿ ಅದು?" ಎಂದೆ.

"ಬರಬಹುದು. ಕೆಲವ್ರಿಗೆ ಬರ್ತೈತಿ, ಕೆಲವ್ರಿಗೆ ಅರ್ಧ ಬರ್ತೈತಿ. ನಾ ಸುಳ್ಳು ಹೇಳಂಗಿಲ್ಲ. ಅಲ್ಲೀ ಮಟ ಇವ್ರ ತಲಿ ಕೆಲಸ ನೀವ್ ಗಡಿಯಾರದ ಕಡಿಂದ ಮಾಡಸ್ರಿ. ಎರಡು ತಾಸಿಗೊಮ್ಮಿ ಕರ್ಕೊಂಡ್ ಹೋಗ್ರಿ. ಬಂದೈತೇನು ಅಂತ ಕೇಳಬ್ಯಾಡ್ರಿ. ಇವ್ರಿಗೆ ಬಂದದ್ದು ತಿಳ್ಯಂಗಿಲ್ಲ. ನೀರು ಹೊತ್ತೊತ್ತಿಗೆ ಕೊಡ್ರಿ, ಚಾ ಕಡಿಮಿ ಮಾಡ್ರಿ. ದಿನಾ ಬರದಿಡ್ರಿ."

ಯಾರೂ ಐದು ನಿಮಿಷ ಕೂತು ಹೇಳದಿದ್ದ ಮಾತು. ಇಷ್ಟೇ ಮಾತನ್ನು ಶಿವರಾತ್ರಿಯ ಹೊತ್ತಿಗೆ ಯಾರಾದರೂ ಹೇಳಿದ್ದರೆ, ಇವರು ಎಮ್ಮೆಯ ಬಾನಿಯ ಮುಂದೆ ಕೂಡಬೇಕಿರಲಿಲ್ಲ. ಬಸ್ಸಿನಲ್ಲಿ ಗಂಗಾವತಿಯವರೆಗೂ ಅದೇ ಉರಿ.

ಹೇಳಿದಷ್ಟು ಸಲೀಸಾಗಿರಲಿಲ್ಲ ಮಾಡುವುದು. "ನನಗ ಬಂದಿಲ್ಲ" ಎಂದು ಇವರು ಕುರ್ಚಿ ಬಿಟ್ಟು ಏಳರು. ಎಳೆದುಕೊಂಡು ಹೋಗಿ ಬಚ್ಚಲಿಗೆ ಬಿಟ್ಟರೆ ಗೋಡೆ ನೋಡುತ್ತ ನಿಲ್ಲುವರು, ಹಾಗೆಯೇ ಹೊರಗೆ ಬರುವರು, ಕುರ್ಚಿಯ ಮೇಲೆ ಕೂತು ಎರಡೇ ನಿಮಿಷಕ್ಕೆ ತೋಯಿಸುವರು. ಮೂರನೆಯ ದಿನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೊಂಬನ್ನು ಅಂಗಳಕ್ಕೆ ಬೀಸಿ ಒಗೆದೆ. ಸಿಟ್ಟಿನ ಭರದಲ್ಲಿ, ಇವರು ರೈತರ ಮೇಲೆ ರೇಗುವಾಗ ಆಡುತ್ತಿದ್ದ ಮಾತೇ ನನ್ನ ಬಾಯಿಗೆ ಬಂತು.

"ಹತ್ತರ ಪಾಳಿ ನಿಮ್ದು. ತಪ್ಪಿಸಿದ್ರ ಮತ್ತ ಎರಡ್ ತಾಸು ಕೇಳಬಾರದು ನೋಡ್ರಿ."

ಇವರು ತಲೆಯೆತ್ತಿದರು. "ಹತ್ತರ ಪಾಳಿ ನಂದ?"

"ಹೂಂನ್ರಿ."

ಎದ್ದರು. ತಾವೇ ನಡೆದು ಬಚ್ಚಲಿಗೆ ಹೋದರು. ನಾನು ಬಾಗಿಲ ಹೊರಗೆ ಕಿವಿಗೊಟ್ಟು ನಿಂತೆ. ಒಳಗಿನಿಂದ ಸದ್ದು ಕೇಳಿಸಿತು. ಹದಿನೆಂಟು ವರ್ಷದ ಸಂಸಾರದಲ್ಲಿ ಯಾವ ಸದ್ದಿಗೂ ನಾನು ಅಷ್ಟು ಖುಷಿಪಟ್ಟಿರಲಿಲ್ಲ.

ಹೊಲದ ಪಾಳಿ ಬೆಳೆ ಬಾಡುವ ತನಕ ಕಾಯುವುದಿಲ್ಲ, ರೈತ ಕೇಳಿದಾಗ ಕೊಡುವುದೂ ಅಲ್ಲ. ಬರೆದ ಹೊತ್ತಿಗೆ ಗೇಟು ಎತ್ತಬೇಕು, ಬರೆದ ಹೊತ್ತಿಗೆ ಇಳಿಸಬೇಕು. ತಲೆಗೆ ಎಂಥ ಪೆಟ್ಟು ಬಿದ್ದರೂ ಇಪ್ಪತ್ತು ವರ್ಷದ ಆ ರೂಢಿ ಇವರಲ್ಲಿ ಹಾಗೇ ಉಳಿದಿತ್ತು. ಇವರ ಪಾಳಿ ಪುಸ್ತಕವನ್ನೇ ತೆಗೆದು, ತೂಬಿನ ನಂಬರ್ ಇರುವ ಕಡೆ ಗಂಟೆ ಬರೆದು ಕೈಗೆ ಕೊಟ್ಟೆ. ಮುಗಿದ ಪಾಳಿಗೆ ತಾವೇ ಗೆರೆ ಹೊಡೆಯುತ್ತಿದ್ದರು. ನಾನು ಅಡಿಗೆಮನೆಯಲ್ಲಿ ತಡಮಾಡಿದರೆ "ಹನ್ನೆರಡು ದಾಟಿ ಏಳು ನಿಮಿಷ ಆತು. ಹಿಂಗ ಮಾಡಿದ್ರ ಕೆಳಗಿನವ್ರು ಏನ್ ಮಾಡ್ಬೇಕು?" ಎಂದು ನನಗೇ ಗದರುತ್ತಿದ್ದರು. ಕೆಳಗಿನವರು ಯಾರು ಎಂದು ನಾನು ಕೇಳಲು ಹೋಗಲಿಲ್ಲ.

ತಪ್ಪುವ ದಿನಗಳೂ ಇದ್ದವು. ಜೂನಿನಲ್ಲಿ ಶಾಲೆ ಸುರುವಾದ ಮೇಲಂತೂ ನನ್ನ ಪಾಡು ಹೇಳತೀರದು. ಶಾಲೆಯ ಮಕ್ಕಳಿಗೆ ಹಾಲು ಕೊಡುವ ಬಿಡುವಿನಲ್ಲಿ ಮನೆಗೆ ಓಟ, ಊಟದ ಬಿಡುವಿನಲ್ಲಿ ಮತ್ತೆ ಓಟ. ಹೆಡ್ ಮಾಸ್ತರು ಮುಖ ಸಿಂಡರಿಸಿದರು. ಗಡಿಯಾರ ಓದಲು ಬಾರದ ಅತ್ತೆಗೆ ಫೋನಿನಲ್ಲಿ ಅಲಾರಾಂ ಇಟ್ಟುಕೊಟ್ಟೆ. ಅದು ಹೊಡೆದಾಗಲೆಲ್ಲ ಅವರು ಯಾರದೋ ಕರೆ ಎಂದು ಕಿವಿಗೆ ಹಿಡಿದು "ಯಾರ್ರೀ?" ಅನ್ನುತ್ತಿದ್ದರು. ಆದರೂ ಜೂನ್ ಮುಗಿಯುವ ಹೊತ್ತಿಗೆ ವಾರದಲ್ಲಿ ನಾಲ್ಕು ದಿನ ಕುರ್ಚಿ ಒಣಗಿಯೇ ಇರುತ್ತಿತ್ತು. ನಾಚಿಕೆಯ ಸುಳಿವು ಮಾತ್ರ ಇರಲಿಲ್ಲ. ತಪ್ಪಿದ ದಿನ "ಪಾಳಿ ತಪ್ಪಿತು" ಅನ್ನುವರು, ಅದೂ ನನ್ನದೇ ತಪ್ಪು ಅನ್ನುವ ಹಾಗೆ.

ಡ್ಯಾಮಿಗೆ ನೀರು ಬಂತು. ಕಾಲುವೆಗೆ ಬಿಡುವ ದಿನ ಗೊತ್ತಾಯಿತು. ಬೆಳಗ್ಗೆ ಹತ್ತಕ್ಕೆ ಗಂಗಾಪೂಜೆ, ಆಮೇಲೆ ಗೇಟು ಎತ್ತುವುದು. ನಾನು ಎಲ್ಲ ಲೆಕ್ಕ ಹಾಕಿದ್ದೆ. ಒಂಬತ್ತೂವರೆಗೆ ಮನೆಯಲ್ಲಿ ಒಂದು ಪಾಳಿ, ಹನ್ನೊಂದೂವರೆಗೆ ಅಲ್ಲಿಯ ಜಾಲಿ ಗಿಡಗಳ ಹಿಂದೆ ಹನುಮೇಶ ಕರೆದುಕೊಂಡು ಹೋಗಬೇಕು. ಕಲೆ ಕಾಣದಿರಲೆಂದು ಕರಿ ಪ್ಯಾಂಟು ತೆಗೆದಿಟ್ಟಿದ್ದೆ. ಅತ್ತೆ ಅಡ್ಡ ನಿಂತರು.

"ಮೊದಲನೇ ನೀರಿಗೆ ನೀರಗಂಟಿ ಬಿಳಿ ಧೋತರ ಉಡಬೇಕು. ಇವನ ಅಪ್ಪನೂ ನೀರಗಂಟಿ ಇದ್ದಾಗ ಹಂಗ ನಿಂತಾರ. ಕರೇದು ಹಾಕ್ಕೊಂಡ್ ಗಂಗವ್ವನ ಮುಂದ ನಿಲ್ಲಿಸ್ತಿಯೇನು?"

"ಅತ್ತಿ, ಏನರ ಆದ್ರ ನೂರು ಮಂದಿ ನೋಡ್ತಾರ."

"ಏನೂ ಆಗಂಗಿಲ್ಲ" ಎಂದರು. ಇವರೂ ಧೋತರವನ್ನೇ ಹಿಡಿದು ಕೂತರು. ನಾನು ಸೋತೆ.

ಪೂಜೆಗೆ ಕರೆದಿದ್ದ ಅತಿಥಿ ಹತ್ತಕ್ಕೆ ಬರಲಿಲ್ಲ. ಹನ್ನೊಂದಕ್ಕೂ ಬರಲಿಲ್ಲ. ರೈತರು ಒಡ್ಡಿನ ಉದ್ದಕ್ಕೂ ನಿಂತಿದ್ದರು, ನಾವು ಹೆಂಗಸರು ಆರತಿ ತಟ್ಟೆ ಹಿಡಿದು ಈ ಕಡೆ. ಇವರು ಗೇಟಿನ ಚಕ್ರದ ಪಕ್ಕದಲ್ಲಿ ಹೊಸ ಧೋತರ ಉಟ್ಟು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದರು. ಎಷ್ಟು ಚೆನ್ನಾಗಿ ಕಾಣುತ್ತಿದ್ದರು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಸರಿಯಾಗಿ ಹನ್ನೊಂದೂಕಾಲಿಗೆ ಕಾರು ಬಂತು. ಹನುಮೇಶನ ಕೈಗೆ ಯಾರೋ ತೆಂಗಿನಕಾಯಿಯ ಬುಟ್ಟಿ ಕೊಟ್ಟರು. ಹನ್ನೊಂದೂವರೆ ಆಯಿತು. ನಾನು ದೂರದಿಂದ ಕೈಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಿ, ಬುಟ್ಟಿ ತೋರಿಸಿ, ಏನು ಮಾಡಲಿ ಎಂಬಂತೆ ತಲೆಯಾಡಿಸಿದ. ಭಾಷಣ ಸುರುವಾಯಿತು. ಅಷ್ಟು ಗಂಡಸರ ನಡುವೆ ಹಾದು ಹೋಗಿ, ಗಂಡನ ಕೈಹಿಡಿದು, ಮೂತ್ರಕ್ಕೆ ಬರ್ರಿ ಎಂದು ನಾನು ಕರೆಯಬೇಕಿತ್ತು. ಕರೆಯಲಿಲ್ಲ. ನಾನೂ ಮರ್ಯಾದೆಗೆ ಅಂಜಿದೆ.

ಹನ್ನೆರಡೂಕಾಲಿಗೆ ವೀರನಗೌಡರು "ಎತ್ತಪಾ ಯಮನೂರಪ್ಪ" ಎಂದರು. ಇವರು ಎರಡೂ ಕೈಯಿಂದ ಚಕ್ರ ತಿರುವಿದರು. ಗೇಟಿನಡಿಯಿಂದ ನೀರು ಭೋರೆಂದು ನುಗ್ಗಿತು. ಆ ಸದ್ದು ಕೇಳಿ ಜನರೆಲ್ಲ ಕೈಮುಗಿದರು. ನಾನು ನೋಡಿದ್ದು ಬಿಳಿ ಧೋತರದ ಮುಂದೆ ಅಂಗೈ ಅಗಲದ ಒದ್ದೆ, ನೋಡು ನೋಡುತ್ತಲೇ ಮೊಣಕಾಲ ತನಕ ಇಳಿಯಿತು. ಜನರ ಕಣ್ಣೆಲ್ಲ ಇನ್ನೂ ನೀರಿನ ಮೇಲಿತ್ತು. ಇನ್ನೆರಡು ಗಳಿಗೆಗೆ ಅವರು ತಲೆಯೆತ್ತಿ ಚಕ್ರದ ಕಡೆ ನೋಡುವವರೇ.

ಇವರು ಬಗ್ಗಿ ತಮ್ಮ ಧೋತರ ನೋಡಿಕೊಂಡರು. ಆಮೇಲೆ ಜನರನ್ನು ನೋಡಿದರು. ಮುಖ ಬಿಳಚಿಕೊಂಡಿತು. ಐದು ತಿಂಗಳಲ್ಲಿ ಒಮ್ಮೆಯೂ ನಾನು ಕಾಣದಿದ್ದ ಮುಖ.

ಹೊಸ ನೀರಿನ ಜತೆ ಜಾಲಿ ಮುಳ್ಳು, ಪ್ಲಾಸ್ಟಿಕ್ ಬಾಟಲಿ, ಕಸಕಡ್ಡಿ ಎಲ್ಲ ಬಂದು ಗೇಟಿನ ಕೆಳಗಿನ ಕಂಬಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಮೇಲಿನಿಂದ ಕೊಕ್ಕೆಯ ಕೋಲಿನಲ್ಲಿ ಎಳೆಯುವುದು ಪದ್ಧತಿ. ಇವರು ಕೋಲನ್ನು ಮುಟ್ಟಲಿಲ್ಲ. ದಡದಡನೆ ಮೆಟ್ಟಿಲಿಳಿದು, ಧೋತರವನ್ನೂ ಎತ್ತಿ ಕಟ್ಟದೆ, ಸೊಂಟಮಟ್ಟ ನೀರಿಗೆ ಹೋದರು. ಬಗ್ಗಿ ಎರಡೂ ಕೈಯಿಂದ ಮುಳ್ಳುಕಂಟಿಯನ್ನು ಎಳೆದೆಳೆದು ದಂಡೆಗೆ ಒಗೆಯತೊಡಗಿದರು.

ನನ್ನ ಕೈಯ ಆರತಿ ತಟ್ಟೆ ಬಿತ್ತು. ನೀರಿನಲ್ಲಿ ಫಿಟ್ಸು ಬಂದರೆ ಗತಿಯೇನು? "ಹನುಮೇಶ, ಹಿಡಿಯಪಾ ಅವ್ರನ್ನ" ಎಂದು ಕೂಗಿದೆ. ಅವನು ಬುಟ್ಟಿ ಬಿಸುಟು ನೀರಿಗಿಳಿದು ಇವರ ತೋಳು ಹಿಡಿದ. ಇಬ್ಬರೂ ಸೇರಿ ಕಸವನ್ನೆಲ್ಲ ತೆಗೆದರು. ಮೇಲೆ ಹತ್ತಿ ಬಂದಾಗ ಇವರ ಧೋತರ, ಅಂಗಿ, ಎಲ್ಲ ಒಂದೇ ಸಮ ತೊಯ್ದು ಮೈಗಂಟಿತ್ತು.

"ನೋಡ್ರಿ, ತಲಿಗೆ ಪೆಟ್ಟಾದ್ರೂ ಕೆಲಸ ಮರ್ತಿಲ್ಲ ಮನುಷ್ಯಾ" ಎಂದರು ವೀರನಗೌಡರು ಎಲ್ಲರಿಗೂ ಕೇಳುವಂತೆ. "ನಾಳಿಂದ ಪಾಳಿ ನೀನ ಹಚ್ಚಪಾ ಯಮನೂರಪ್ಪ." ರೈತರು ಹೌದೌದು ಎಂದರು. ಕೆಲಸ ಉಳಿಯಿತು. ಯಾರಿಗೂ ಏನೂ ತಿಳಿಯಲಿಲ್ಲ.

ಮನೆಗೆ ಬಂದದ್ದೇ ಇವರು ನೇರ ಕೋಣೆಗೆ ನಡೆದರು. ನಾನು ದಿನದ ರೂಢಿಯಂತೆ ಒಣ ಧೋತರ ಹಿಡಿದು ಹಿಂದೆಯೇ ಕೋಣೆಯೊಳಗೆ ಹೋದೆ, ಒದ್ದೆಯದನ್ನು ಬಿಚ್ಚಲು ಸೊಂಟಕ್ಕೆ ಕೈ ಹಾಕಿದೆ. ಇವರು ನನ್ನ ಕೈ ಹಿಡಿದು ತಡೆದರು.

"ಯಾರಾರ ನೋಡಿದ್ರೇನು?"

"ಇಲ್ರಿ. ಯಾರೂ ನೋಡಿಲ್ಲ."

"ನೀ ನೋಡಿದಿ."

ಸುಳ್ಳು ಹೇಳಬಹುದಿತ್ತು. ನೀರಿನ ಲೋಟದ ವಿಷಯದಲ್ಲಿ ಹದಿನೈದು ದಿನ ಹೇಳಿದವಳಿಗೆ ಇದೇನು ದೊಡ್ಡದು? ಬಾಯಿ ಬರಲಿಲ್ಲ. "ಹೂಂ" ಎಂದೆ.

ಇವರು ಗೋಡೆಯ ಕಡೆ ಮುಖ ಮಾಡಿದರು. "ಹೊರಗ ಹೋಗು, ಶಾರದಾ. ನಾನ ಉಟ್ಕೋತೀನಿ. ಬಾಗಲಾ ಹಾಕ್ಕೊಂಡ್ ಹೋಗು."

ಒಣ ಧೋತರ ಕೈಯಲ್ಲಿದ್ದ ಹಾಗೆಯೇ ಹೊರಗೆ ಬಂದು ಕದ ಎಳೆದುಕೊಂಡೆ. ಬೇಕು ಬೇಕು ಎಂದು ಐದು ತಿಂಗಳು ಅರಚಿ ಅರಚಿ ಕೇಳಿದ ನಾಚಿಕೆ ಕೊನೆಗೂ ಬಂದಿತ್ತು. ಒಳಗೆ ಅವರು ಸದ್ದು ಅಡಗಿಸಿಕೊಂಡು ಅಳುತ್ತಿರುವುದು ಕದದ ಈಚೆಗೂ ಕೇಳಿಸಿತು. ಬೇಡಾಗಿತ್ತು, ಮೊದಲಿನ ಹಾಗೆಯೇ ಇದ್ದಿದ್ದರೂ ನಾನು ತೊಳೆದುಕೊಂಡು ಇರುತ್ತಿದ್ದೆ ಎಂದು ಒಂದು ಗಳಿಗೆ ನಿಜವಾಗಿ ಅನ್ನಿಸಿತು. ಒಳಗೆ ಹೋಗಲು ಕದದ ಮೇಲೆ ಕೈಯಿಟ್ಟೆ, ಮತ್ತೆ ತೆಗೆದೆ.

"ಒಣಾ ಧೋತರ ಹೊಸ್ತಿಲ ಮ್ಯಾಲ ಇಟ್ಟೀನ್ರಿ" ಎಂದು ಹೇಳಿ, ಅವರು ಬಾಗಿಲು ತೆರೆಯುವುದು ನನ್ನ ಕಣ್ಣಿಗೆ ಬೀಳದಿರಲೆಂದು ಹಿತ್ತಲಿಗೆ ಹೋದೆ.